ಶೋಕದ ಸಂಸ್ಕಾರ
ನಮ್ಮ ತೆಂಗಿನ ಸೀಮೆಯ ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ ಜನಿಸಿದ ಬಿ.ಎಂ.ಶ್ರೀಯವರು, ಗ್ರೀಕ್ ಕವಿ ಸೊಫೋಕ್ಲಿಸನ ನಾಟಕವೊಂದರ ವಸ್ತುವನ್ನು ಮಹಾಭಾರತಕ್ಕೆ ಹೊಂದಿಸಿ 1929ರಲ್ಲಿ ‘ಅಶ್ವತ್ಥಾಮನ್’ ಕೃತಿಯನ್ನು ರಚಿಸಿ, ಚಿರಂಜೀವಿಯೆಂದು ನಾವು ನಂಬಿದ ವೀರನಿಗೆ ಮರಣವನ್ನು ವಿಧಿಸಿದಾಗ, ಗ್ರೀಕರಿಗೆ ಸಹಜವೆನಿಸಿದ್ದ ಆ ಅಂತ್ಯವು ನಮ್ಮವರಲ್ಲಿ ಕೆಲವರಿಗೆ ಸಮ್ಮತವಾಗಲಿಲ್ಲ.

ಜಪಾನೀಯರಾದರೋ, 1703ರಲ್ಲಿ ಅವರ ನಾಟಕಕಾರ ಚಿಕಮತ್ಸು ಒಸಾಕಾದ ಗೊಂಬೆಯಾಟಕ್ಕಾಗಿ ಬರೆದ ಪ್ರಣಯಿಗಳಿಬ್ಬರ ಸಹಮರಣದ ಕಥೆಯಲ್ಲಿ ನಿಷ್ಠೆಯ ಪರಿಪೂರ್ಣತೆಯನ್ನು ಕಂಡು ಕಣ್ಣೀರ್ಗರೆದರು.

ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದವರಾದ ತೀ.ನಂ.ಶ್ರೀಕಂಠಯ್ಯನವರು ‘ಭಾರತೀಯ ಕಾವ್ಯಮೀಮಾಂಸೆ’ಯಲ್ಲಿ ವಿವೇಚಿಸಿದ ರಸತತ್ತ್ವದಂತೆ, ಶೋಕವು ಸಹೃದಯನಲ್ಲಿ ಕರುಣರಸವಾಗಿ ಪರಿಣಮಿಸುತ್ತದೆ, ಆದರೆ ಆ ಸಹೃದಯತೆಯು ಬಾಲ್ಯದಿಂದ ಕೇಳಿದ ಕಥೆಗಳಿಂದಲೂ, ಕರ್ಮ ಪುನರ್ಜನ್ಮಗಳ ನಂಬುಗೆಯಿಂದಲೂ ರೂಪುಗೊಂಡುದು.

ಆದುದರಿಂದ ಪರದೇಶದ ದುರಂತವು ನಮ್ಮ ಮನವನ್ನು ಕರಗಿಸದಿದ್ದಲ್ಲಿ, ಆ ಕಲೆಯನ್ನು ಹಳಿಯುವ ಮುನ್ನ, ಅಲ್ಲಿನ ಜನ ಯಾವುದನ್ನು ಪ್ರಾಣಕ್ಕಿಂತ ಹಿರಿದೆಂದು ಬಗೆದರೆಂಬುದನ್ನು ವಿಚಾರಿಸುವುದು ಉಚಿತ.