ಸಾಕುಮೊಲಗಳ ಆಹಾರ ವಿಚಾರ

(ಅತ್ತಿಗುಂಡಿಯಲ್ಲಿ ಜಮೀನುದಾರರ ಮುಂದೆ ಮಾಡಿದ ಉಪನ್ಯಾಸ)



ದನ, ಎಮ್ಮೆ, ಕುರಿಗಳ ಮೇವಿನ ವಿಷಯವನ್ನು ಬಿಟ್ಟು ಮೊಲದ ಮಾತನ್ನೆತ್ತಿದುದಕ್ಕೆ ತಮ್ಮಲ್ಲಿ ಕೆಲವರಿಗೆ ನಗು ಬರಬಹುದು. ಆದರೆ ಮಕ್ಕಳ ಪ್ರೀತಿಗಾಗಿ ಪೇಟೆಯಿಂದ ಜೋಡಿ ಮೊಲಗಳನ್ನು ತಂದು ಸಾಕುವ ರೂಢಿಯು ಬೆಟ್ಟದ ಸೀಮೆಯಲ್ಲಿಯೂ ಉಂಟು. ಹೀಗೆ ತಂದವುಗಳಲ್ಲಿ ಅನೇಕವು ಅಂಟುರೋಗದಿಂದಲ್ಲ, ನಾವು ಅಕ್ಕರೆಯಿಂದ ಹಾಕುವ ತಿಂಡಿಯಿಂದಲೇ ಸಾಯುತ್ತವೆ. ಅನ್ನ, ರೊಟ್ಟಿ, ಬಿಸ್ಕತ್ತು, ಬಾಳೆಹಣ್ಣುಗಳನ್ನು ಮೊಲವು ಆಸೆಯಿಂದ ತಿನ್ನುವುದು ನಿಜ. ಆಸೆಪಟ್ಟದ್ದೆಲ್ಲವೂ ಅದಕ್ಕೆ ಹಿತವೆಂದು ಎಣಿಸತಕ್ಕದ್ದಲ್ಲ.

ತೋಟದ ಅಂಚಿನಲ್ಲಿ ರಾತ್ರಿ ಕಾಣುವ ಕಾಡುಮೊಲವೇ ಬೇರೆ, ಗೂಡಿನ ಮೊಲವೇ ಬೇರೆ. ಸಾಕುಮೊಲವು ಯೂರೋಪು ಖಂಡದ ಬಿಲವಾಸಿ ಮೊಲದ ಸಂತತಿ. ಅದರ ಮರಿಗಳು ಕೂದಲಿಲ್ಲದೆ, ಕಣ್ಣು ಮುಚ್ಚಿಕೊಂಡು ಹುಟ್ಟುತ್ತವೆ. ಕಾಡುಮೊಲದ ಮರಿಯಾದರೋ ಕಣ್ಣು ತೆರೆದೇ ಹುಟ್ಟುವುದು. ಕಾಡುಮೊಲವನ್ನು ಹಿಡಿಯುವುದು 1972ನೆಯ ಇಸವಿಯ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇರೆಗೆ ಅಪರಾಧ. ಊರಿನ ಯಜಮಾನರು ಈ ಮಾತನ್ನು ಹುಡುಗರಿಗೆ ತಿಳಿಯಹೇಳುವುದು ಲೇಸು.

ಮೊಲದ ಹಲ್ಲುಗಳು ಜೀವಮಾನವಿಡೀ ಬೆಳೆಯುತ್ತಲೇ ಇರುತ್ತವೆ. ನಾರುಳ್ಳ ಹುಲ್ಲನ್ನು ಅಗಿದು ಅಗಿದು ಸವೆಸಬೇಕು. ಅದರ ಕರುಳೂ ನಾರಿನ ಬಲದಿಂದಲೇ ಚಲಿಸತಕ್ಕದ್ದು. ಮೊಲಕ್ಕೆ ವಾಂತಿಯಾಗುವುದಿಲ್ಲ, ಹೊಟ್ಟೆಗೆ ಹೋದ ಕೆಟ್ಟ ಪದಾರ್ಥವು ಹಿಂದಿರುಗದು. ಅದು ತನ್ನ ಮೆತ್ತನೆಯ ಹಿಕ್ಕೆಯನ್ನು ತಾನೇ ತಿನ್ನುವುದನ್ನು ಕಂಡು ಅಸಹ್ಯಪಟ್ಟು ಹೊಡೆಯುವವರುಂಟು. ಹಾಗೆ ಮಾಡಕೂಡದು. ಮೊದಲ ಸಲ ದಕ್ಕದ ಸತ್ವವನ್ನು ಎರಡನೆಯ ಸಲ ಪಡೆಯುವ ಸೃಷ್ಟಿಕ್ರಮವೇ ಅದು.

ಆದಕಾರಣ ಆಹಾರದಲ್ಲಿ ಬಹುಪಾಲು ಹುಲ್ಲೇ ಆಗಿರಬೇಕು. ಒಣಹುಲ್ಲು ಹಗಲೂ ರಾತ್ರಿಯೂ ಗೂಡಿನಲ್ಲಿರಲಿ. ಇದರ ಜೊತೆಗೆ ಗಿನಿ ಹುಲ್ಲು, ಹಿಪ್ಪನೇರಳೆ ಸೊಪ್ಪು, ಕೊತ್ತಂಬರಿ, ಮೂಲಂಗಿಯ ಎಲೆಗಳನ್ನು ಬದಲಿಸಿ ಬದಲಿಸಿ ಕೊಡಬಹುದು. ಕೋಸಿನ ಎಲೆ ಹೆಚ್ಚಾದರೆ ಹೊಟ್ಟೆಯುಬ್ಬರ. ಚಿತ್ರಗಳಲ್ಲಿ ಮೊಲವೆಂದರೆ ಗಜ್ಜರಿಯೇ. ಆದರೆ ಗಜ್ಜರಿಯಲ್ಲಿ ಸಕ್ಕರೆಯ ಅಂಶವಿರುವುದರಿಂದ ಒಂದು ಸಣ್ಣ ತುಂಡು ಸಾಕು. ಅಂಗಡಿಯಲ್ಲಿ ದೊರೆಯುವ ಗುಳಿಗೆಯ ಮೇವನ್ನು ಬೆಳೆದ ಮೊಲಕ್ಕೆ ಕಿಲೋ ತೂಕಕ್ಕೆ ದಿನವೊಂದಕ್ಕೆ 25 ಗ್ರಾಮಿಗೆ ಮೀರಿಸಬೇಡಿ. ಹೊಸ ಮೇವನ್ನು ಒಮ್ಮೆಲೇ ಹಾಕದೆ ಏಳೆಂಟು ದಿನಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ರೂಢಿಸಬೇಕು.

ತಂಪು ಹವೆ ಮೊಲಕ್ಕೆ ಹಿತವೇ. ಕೊಡೈಕಾನಲ್ ಬೆಟ್ಟದ ಮನ್ನವನೂರಿನಲ್ಲಿ ಕೇಂದ್ರ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆಯ ಶಾಖೆಯವರು ಮೊಲಗಳನ್ನು ಸಾಕಿರುವರು. ನಮ್ಮ ತೊಡಕೆಲ್ಲ ಮುಂಗಾರಿನದು. ತೊಯ್ದ ಹುಲ್ಲನ್ನು ರಾಶಿ ಹಾಕಿದರೆ ಒಳಗೇ ಬಿಸಿಯಾಗಿ ಹುಳಿಯುವುದು. ಅದನ್ನು ತಿಂದ ಮೊಲದ ಹೊಟ್ಟೆ ಉಬ್ಬುವುದು. ಕೊಯ್ದ ಹುಲ್ಲನ್ನು ಮಾಡಿನ ಕೆಳಗೆ ತೆಳ್ಳಗೆ ಹರಡಿ, ನೀರು ಆರಿಸಿ ಹಾಕಬೇಕು. ಒಣಹುಲ್ಲನ್ನು ಬೇಸಿಗೆಯಲ್ಲಿಯೇ ಅಟ್ಟಕ್ಕೇರಿಸಿಡತಕ್ಕದ್ದು. ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿಯನ್ನು ಎಂದಿಗೂ ಮುಟ್ಟಿಸಬೇಡಿ. ಆ ಬೂಷ್ಟಿನ ವಿಷವನ್ನು ಮೊಲದಷ್ಟು ತಡೆಯಲಾರದ ಪ್ರಾಣಿಗಳು ಕೆಲವೇ.

ಇನ್ನು ತೋಟದ ಮಾತು. ಬೋರ್ಡೋ ದ್ರಾವಣವನ್ನೋ ಕಳೆನಾಶಕವನ್ನೋ ಹೊಡೆದ ಕಾಫಿ ಸಾಲುಗಳ ನಡುವಿನ ಹುಲ್ಲನ್ನು ಕೊಯ್ಯಲಾಗದು. ಔಷಧಿ ಹೊಡೆದ ಜಾಗ ಯಾವುದೆಂಬುದು ಯಜಮಾನನಿಗೆ ಗೊತ್ತು, ಹುಲ್ಲು ತರುವ ಮಗುವಿಗೆ ಗೊತ್ತಿರದು. ಆದುದರಿಂದ ಹುಲ್ಲಿಗೆಂದೇ ಮನೆಯ ಹಿಂದೆ ಒಂದು ಪಟ್ಟಿಯನ್ನು ಗೊತ್ತುಮಾಡಿ. ಕಾಫಿ ತೋಟಗಳಲ್ಲಿ ಬೆಳೆಸುವ ಬೆಣ್ಣೆಹಣ್ಣಿನ ಮರದ ಎಲೆ ಮೊಲಕ್ಕೆ ವಿಷ. ಬೇಲಿಯ ಲಂಟಾನವೂ ವಿಷವೇ. ಸುಬಾಬುಲ್ ಸೊಪ್ಪು ಹೆಚ್ಚಾದರೆ ಕೂದಲು ಉದುರುವುದು.

ಶುದ್ಧವಾದ ನೀರು ಸದಾ ಇರಬೇಕು. ಸೊಪ್ಪು ತಿನ್ನುವ ಮೊಲಕ್ಕೆ ನೀರು ಬೇಡವೆಂಬುದು ತಪ್ಪು ಗ್ರಹಿಕೆ. ಕಿಲೋ ತೂಕಕ್ಕೆ ದಿನಕ್ಕೆ 50ರಿಂದ 150 ಮಿಲಿಲೀಟರು ಬೇಕಾಗುವುದು.

ಬೆಳಿಗ್ಗೆ ಗೂಡನ್ನು ಗುಡಿಸುವಾಗ ಹಿಕ್ಕೆಯನ್ನು ನೋಡಿ. ದುಂಡಗೆ, ಒಣಗಿ, ಹೇರಳವಾಗಿದ್ದರೆ ಕ್ಷೇಮ. ಸಣ್ಣದಾದರೆ ಅಥವಾ ನಿಂತೇಹೋದರೆ, ಮೊಲವು ಮೇವನ್ನು ಮೂಸದೆ ಮೂಲೆಯಲ್ಲಿ ಮುದುಡಿ ಕುಳಿತರೆ, ನಾಳೆ ನೋಡೋಣವೆನ್ನಬಾರದು. ಹನ್ನೆರಡು ಗಂಟೆಗಳ ಉಪವಾಸವೇ ಅದರ ಪ್ರಾಣಕ್ಕೆ ಸಂಚಕಾರ. ಮಳೆಯಿದ್ದರೂ ಸರಿ, ಬುಟ್ಟಿಯಲ್ಲಿ ಹುಲ್ಲು ಹಾಸಿ, ಬೆಚ್ಚಗೆ ಹೊದಿಸಿ, ಅದೇ ದಿನ ಪಶುವೈದ್ಯರ ಬಳಿಗೆ ಒಯ್ಯತಕ್ಕದ್ದು.