ತುತ್ತೂರಿಯ ಬಾಯಿಗೆ ಬಿರಡೆ

ಮದುವೆ ದಿಬ್ಬಣದ ಬ್ಯಾಂಡ್‌ಸೆಟ್‌ನಲ್ಲಿ ಎಲ್ಲರ ಕಣ್ಣೂ ಕ್ಲಾರಿನೆಟ್, ಟ್ರಂಪೆಟ್‌ನವರ ಮೇಲೆ. ಹಿಂದೆ ಯೂಫೋನಿಯಂ ತಬ್ಬಿಕೊಂಡು, ಸೂಸಾಫೋನನ್ನು ಹೆಗಲಿಗೆ ಸುತ್ತಿಕೊಂಡು ಬೆವರುವವರನ್ನು ಕೇಳುವವರಿಲ್ಲ. ಅಂಥವರು ಮನೆಯಲ್ಲಿ ಅಭ್ಯಾಸ ಮಾಡುವುದಾದರೂ ಹೇಗೆ?

ಭದ್ರಾವತಿಯಂಥ ಊರಲ್ಲಿ ಇದು ಸಣ್ಣ ಪ್ರಶ್ನೆಯಲ್ಲ. 1923ರಲ್ಲಿ ಕಬ್ಬಿಣದ ಕಾರ್ಖಾನೆಯ ಕುಲುಮೆ ಹೊತ್ತಿಕೊಂಡ ಮೇಲೆ ಊರು ಪಾಳಿಯ ಲೆಕ್ಕದಲ್ಲಿ ಬದುಕಿತು. ರಾತ್ರಿಪಾಳಿ ಮುಗಿಸಿದವರಿಗೆ ಬೆಳಗಿನ ಹತ್ತು ಗಂಟೆಯೇ ನಡುರಾತ್ರಿ. ಪಕ್ಕದ ಮನೆಯಲ್ಲಿ ಯೂಫೋನಿಯಂ ಗುಡುಗಿದರೆ ಯಾರು ತಾನೇ ಸುಮ್ಮನಿರುತ್ತಾರೆ?

ಇದಕ್ಕೆ ಮದ್ದು ಮ್ಯೂಟ್, ಅಂದರೆ ವಾದ್ಯದ ಅಗಲ ಬಾಯಿಗೆ ಹಾಕುವ ಬಿರಡೆ. ಆದರೆ ಅದು ಹುಟ್ಟಿದ್ದು ನೆರೆಯವರ ನಿದ್ದೆಗಾಗಿ ಅಲ್ಲ. ಇಟಲಿಯ ಮಾಂಟೆವೆರ್ಡಿ 1607ರ ತನ್ನ 'ಓರ್ಫೆಯೊ' ಗೀತನಾಟಕದ ಮೊದಲಿಗೇ ಮ್ಯೂಟ್ ಹಾಕಿದ ತುತ್ತೂರಿಯ ಮಾತೆತ್ತಿದ್ದಾನೆ. ಆಗಿನ ಮ್ಯೂಟ್ ಟೊಳ್ಳು ಕೊರೆದ ಮರದ ತುಂಡು. ಅದನ್ನು ಸಿಕ್ಕಿಸಿದರೆ ಶ್ರುತಿಯೇ ಒಂದು ಸ್ವರ ಮೇಲೇರುತ್ತಿತ್ತು. ಉಳಿದವರೂ ಏರಿಸಿಯೇ ನುಡಿಸಬೇಕಿತ್ತು. ಶವಯಾತ್ರೆಗೂ ಅದೇ ಮಂಕು ದನಿ ಒದಗಿತು.

ದೊಡ್ಡ ವಾದ್ಯಗಳು ಬಂದದ್ದೇ ತಡವಾಗಿ. ಸೂಸಾಫೋನಿನ ಬಳಗದ ಟ್ಯೂಬಾಗೆ ಬರ್ಲಿನ್‌ನಲ್ಲಿ ಪೇಟೆಂಟ್ ಸಿಕ್ಕಿದ್ದು 1835ರಲ್ಲಿ. 1898ರಲ್ಲಿ ಮೊದಲು ನುಡಿಸಲಾದ 'ಡಾನ್ ಕಿಹೋಟೆ' ವಾದ್ಯವೃಂದ ಕೃತಿಯಲ್ಲಿ ಸಂಗೀತಕಾರ ರಿಚರ್ಡ್ ಸ್ಟ್ರಾಸ್ ಅದಕ್ಕೂ ಮ್ಯೂಟ್ ತೊಡಿಸಿದ. ಅದೂ ನಾದದ ಬಣ್ಣ ಬದಲಿಸಲಿಕ್ಕೇ.

ಅಭ್ಯಾಸದ ಮ್ಯೂಟ್‌ನ ಜಾತಿಯೇ ಬೇರೆ. ಕಛೇರಿಯಲ್ಲಿ ಬಳಸುವ ಮ್ಯೂಟ್‌ಗೆ ಅಲ್ಲಲ್ಲಿ ಕಾರ್ಕಿನ ಪಟ್ಟಿ ಅಂಟಿಸಿ ನಡುವೆ ಗಾಳಿಗೆ ದಾರಿ ಬಿಟ್ಟಿರುತ್ತಾರೆ. ಅಭ್ಯಾಸದ್ದು ಸುತ್ತಲೂ ಬಿಗಿಯಾಗಿ ಕೂತು, ಚಿಕ್ಕ ತೂತಿನಲ್ಲಷ್ಟೇ ಉಸಿರು ಬಿಡುತ್ತದೆ. ಟ್ರಂಪೆಟ್‌ಗೆ ಹೇಗೋ ನಡೆದೀತು. ಬಿ-ಫ್ಲ್ಯಾಟ್ ಟ್ಯೂಬಾದ ಕೊಳವೆ ಬಿಚ್ಚಿ ನೀಟಿದರೆ ಸುಮಾರು 18 ಅಡಿ. ಅದರ ತಗ್ಗು ಸ್ವರಗಳಿಗೆ ಗಾಳಿ ಧಾರಾಳವಾಗಿ ಹರಿಯಬೇಕು. ತೂತು ಕಿರಿದಾದರೆ ಒತ್ತಡ ತುಟಿಗೇ ತಿರುಗಿ ಬಡಿಯುತ್ತದೆ, ಸ್ವರ ನಿಲ್ಲದೆ ಜಾರುತ್ತದೆ. 1995ರಲ್ಲಿ ಜಪಾನಿನ ಯಮಾಹಾ ಕಂಪನಿ ಮ್ಯೂಟ್‌ನೊಳಗೆ ಮೈಕ್ ಇಟ್ಟು, ಊದುವವರ ಕಿವಿಗೆ ಹೆಡ್‌ಫೋನಿನಲ್ಲಿ ನಾದ ಒದಗಿಸಿತು. ಜಾಣತನವೇ, ಆದರೆ ಒತ್ತಡದ ಕಾಟ ಅದರಿಂದ ತಪ್ಪಲಿಲ್ಲ. ಸೂಸಾಫೋನಿನ ಎರಡಡಿ ಬಾಯಿಗಂತೂ ಹಳೇ ಕಂಬಳಿ ತುರುಕುವುದೇ ಅಗ್ಗದ ಉಪಾಯ!

ಈಗ ಶಿವಮೊಗ್ಗದಲ್ಲೂ ಅಪಾರ್ಟ್‌ಮೆಂಟ್‌ಗಳೆದ್ದಿವೆ. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಎಂದು 2000ದ ಶಬ್ದಮಾಲಿನ್ಯ ನಿಯಮಗಳು ಮಿತಿ ಹಾಕಿವೆ. ರಾತ್ರಿಯೆಂದರೆ 10ರಿಂದ ಬೆಳಗಿನ 6ರವರೆಗೆ. ಹಾಗಾಗಿ ಮ್ಯೂಟ್ ಬೇಡವೆನ್ನಲಾಗದು. ಬೆರಳಿನ ಓಟ, ತಾಳದ ಲೆಕ್ಕ ಅದರಲ್ಲೇ ತಿದ್ದಿಕೊಳ್ಳಲಿ. ದೀರ್ಘ ಸ್ವರಗಳಿಗೆ ಮಾತ್ರ ಮ್ಯೂಟ್ ಕಳಚಿ, ಭಾನುವಾರ ಸಂಜೆ ಭದ್ರಾ ನಾಲೆಯ ಏರಿಯ ಮೇಲೆ ಹೋಗಿ ಊದುವುದು ಒಳ್ಳೆಯದು. ಬರೀ ಮ್ಯೂಟ್ ಹಾಕಿಯೇ ಕಲಿತರೆ ಒತ್ತಿ ಊದುವುದು ಚಟವಾಗಿ, ಮೆರವಣಿಗೆಯಲ್ಲಿ ಅರ್ಧ ಬೀದಿ ದಾಟುವಷ್ಟರಲ್ಲಿ ತುಟಿ ಸೋಲುತ್ತದೆ.