ಜಾರಿಹೋದ ‘ಅಂತೆ’

ಮನಸ್ಸಿನ ವಿಷಯವಾಗಿ ನೇರವಾಗಿ ಮಾತನಾಡುವುದು ಕಷ್ಟ. ಕಣ್ಣಿಗೆ ಕಾಣದ, ಕೈಗೆ ಸಿಗದ ಅದನ್ನು ಕುರಿತು ಏನು ಹೇಳಹೊರಟರೂ ಕಣ್ಣಿಗೆ ಕಾಣುವ ಇನ್ನೊಂದು ವಸ್ತುವಿನಿಂದ ಮಾತನ್ನು ಕಡ ತರಬೇಕಾಗುತ್ತದೆ. ಮನಸ್ಸು ಕರಗಿತು ಎನ್ನುತ್ತೇವೆ, ಅದು ಬೆಣ್ಣೆಯಾಯಿತು. ಮನಸ್ಸು ಮುರಿಯಿತು ಎನ್ನುತ್ತೇವೆ, ಅದು ಕೋಲಾಯಿತು. ಮನಸ್ಸು ಕದಡಿತು ಎನ್ನುತ್ತೇವೆ; ಅದು ನೀರಾಯಿತು. ಇವೆಲ್ಲ ದಿನಬಳಕೆಯ ಮಾತುಗಳು. ಇವುಗಳಲ್ಲಿ ಅಲಂಕಾರವುಂಟೆಂಬುದು ಆಡುವವರಿಗೆ ಹೊಳೆಯುವುದೂ ಇಲ್ಲ.

ನಮ್ಮ ಲಾಕ್ಷಣಿಕರು ಉಪಮೆಗೂ ರೂಪಕಕ್ಕೂ ಇರುವ ಭೇದವನ್ನು ತಿಳಿಸಿದ್ದಾರೆ. 9ನೆಯ ಶತಮಾನದ ‘ಕವಿರಾಜಮಾರ್ಗ’ದಲ್ಲಿಯೇ ಈ ಎರಡು ಅಲಂಕಾರಗಳ ವಿವೇಚನೆಯುಂಟು. ಮುಖವು ಚಂದ್ರನಂತೆ ಇದೆ ಎಂದರೆ ಉಪಮೆ. ಮುಖಚಂದ್ರ ಎಂದರೆ ರೂಪಕ. ಮೊದಲನೆಯದರಲ್ಲಿ ಹೋಲಿಸಿದ ವಸ್ತುಗಳೆರಡೂ ಬೇರೆಬೇರೆಯಾಗಿ ಉಳಿಯುತ್ತವೆ, ಎರಡನೆಯದರಲ್ಲಿ ಒಂದಾಗಿಬಿಡುತ್ತವೆ. ನಡುವೆ ನಿಂತಿದ್ದ ‘ಅಂತೆ’ ಎಂಬ ಪುಟ್ಟ ಮಾತು ಜಾರಿಹೋಗಿರುತ್ತದೆ. ಕಾವ್ಯದಲ್ಲಿ ಇದು ಸೊಗಸು. ಬಾಳಿನಲ್ಲಿ ಮಾತ್ರ, ಜಾರಿದ ಆ ಮಾತು ಎಲ್ಲಿ ಹೋಯಿತೆಂದು ಹುಡುಕಿಕೊಳ್ಳುವುದು ಒಳ್ಳೆಯದು.

ಏಕೆಂದರೆ, ನಾವು ಯಾವ ರೂಪಕವನ್ನು ಆಡುತ್ತೇವೆಯೋ ಅದಕ್ಕೆ ತಕ್ಕಂತೆ ನಡೆಯತೊಡಗುತ್ತೇವೆ. ಜಾರ್ಜ್ ಲೇಕಾಫ್ ಮತ್ತು ಮಾರ್ಕ್ ಜಾನ್ಸನ್ ಎಂಬ ಅಮೆರಿಕದ ವಿದ್ವಾಂಸರು 1980ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಇದನ್ನೇ ವಿಸ್ತಾರವಾಗಿ ಪ್ರತಿಪಾದಿಸಿದರು. ಹೊತ್ತನ್ನು ಹಣವೆಂದು ಬಗೆದವನು ಅದನ್ನು ಉಳಿಸುತ್ತಾನೆ, ವ್ಯಯಮಾಡುತ್ತಾನೆ, ನಷ್ಟವಾಯಿತೆಂದು ಮರುಗುತ್ತಾನೆ. ಮನಸ್ಸಿನ ವಿಷಯವೂ ಹೀಗೆಯೇ. ಮುರಿದ ಕೋಲನ್ನು ಕೂಡಿಸಿ ಕಟ್ಟಬೇಕು, ಇಲ್ಲವೇ ಒಲೆಗೆ ಇಡಬೇಕು. ಕದಡಿದ ನೀರಿಗೆ ಈ ಎರಡು ಉಪಾಯಗಳೂ ಸಲ್ಲವು. ಅದರೊಳಗೆ ಕೈಯಾಡಿಸದೆ ಸುಮ್ಮನಿರಬೇಕು. ಹಾಗಿದ್ದರೆ ಅದು ತಾನಾಗಿ ತಿಳಿಯಾಗುತ್ತದೆ. ‘ತಿಳಿ’ ಎಂಬುದು ಕನ್ನಡದಲ್ಲಿ ನಿರ್ಮಲವಾದ ನೀರಿಗೂ ಹೆಸರು, ಅರಿಯುವ ಕ್ರಿಯೆಗೂ ಹೆಸರು. ತಿಳಿವು ಎಂಬ ಮಾತಿನಲ್ಲಿಯೇ ನೀರು ಮಡ್ಡಿಯಿಳಿದು ಸ್ವಚ್ಛವಾಗುವ ಚಿತ್ರ ಅಡಗಿದೆ.

ಒಂದೇ ಚಿತ್ರ ಇಬ್ಬರ ಕೈಯಲ್ಲಿ ಬೇರೆಬೇರೆ ಪ್ರಶ್ನೆಗಳನ್ನು ಕೇಳಿಸುವುದೂ ಉಂಟು. ಕಠೋಪನಿಷತ್ತಿನಲ್ಲಿ ಶರೀರವೇ ರಥ, ಬುದ್ಧಿ ಸಾರಥಿ, ಮನಸ್ಸು ಲಗಾಮು, ಇಂದ್ರಿಯಗಳು ಕುದುರೆಗಳು. ಆತ್ಮನು ರಥದಲ್ಲಿ ಕುಳಿತ ಒಡೆಯ. ಗ್ರೀಸಿನ ಪ್ಲೇಟೋ ‘ಫೀಡ್ರಸ್’ ಎಂಬ ಸಂವಾದದಲ್ಲಿ ಆತ್ಮಕ್ಕೆ ರಥದ ಚಿತ್ರವನ್ನೇ ಕೊಟ್ಟನು. ಅಲ್ಲಿ ಒಬ್ಬ ಸಾರಥಿ, ಎರಡು ಕುದುರೆ. ಒಂದು ಮಾತು ಕೇಳುವಂಥದು, ಇನ್ನೊಂದು ಮೊಂಡು. ಆದರೆ ಪ್ಲೇಟೋವಿನ ರಥದಲ್ಲಿ ಸಾರಥಿಯ ಹಿಂದೆ ಕುಳಿತ ಒಡೆಯನಿಲ್ಲ. ಆದುದರಿಂದ ಆ ರೂಪಕವನ್ನು ಹಿಡಿದವನು, ‘ಈಗ ನನ್ನನ್ನು ಎಳೆಯುತ್ತಿರುವುದು ಯಾವ ಕುದುರೆ?’ ಎಂದು ಕೇಳಿಕೊಳ್ಳುತ್ತಾನೆ. ಉಪನಿಷತ್ತಿನ ರೂಪಕವನ್ನು ಹಿಡಿದವನು, ‘ಈ ರಥ ಓಡುತ್ತಿರುವುದು ಯಾರಿಗಾಗಿ?’ ಎಂದು ಕೇಳಿಕೊಳ್ಳುತ್ತಾನೆ.

12ನೆಯ ಶತಮಾನದ ನಮ್ಮ ವಚನಕಾರರು ರೂಪಕಕ್ಕಾಗಿ ಬಹುದೂರ ಹೋಗಲಿಲ್ಲ. ಬಸವಣ್ಣನವರು ದೇಹವನ್ನೇ ದೇವಾಲಯವಾಗಿ ಕಂಡರು. ಗುಡಿ ಕಟ್ಟಿಸುವ ಶಕ್ತಿಯಿಲ್ಲದ ಬಡವನು ತನ್ನನ್ನು ತಾನು ಗೌರವದಿಂದ ನೋಡಿಕೊಳ್ಳಲು ಆ ಒಂದು ರೂಪಕ ಸಾಕಾಗಿತ್ತು. ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ ಎಂಬಂಥ ಹೆಸರುಗಳಿಗೆ ಅವರವರ ಕಾಯಕವೇ ಅಂಟಿಕೊಂಡಿದೆ. ದೋಣಿ ನಡೆಸಿದವನಿಗೆ ದೋಣಿಯ ರೂಪಕ ಬರಿಯ ಮಾತಲ್ಲ. ಸುಳಿ ಎಲ್ಲಿದೆ, ಹುಟ್ಟನ್ನು ಎಷ್ಟು ಒತ್ತಬೇಕು ಎಂಬುದು ಅವನ ಕೈಗೆ ಗೊತ್ತು. ತನ್ನ ಕೈ ಬಲ್ಲ ವಸ್ತುವಿನಿಂದ ಬಂದ ರೂಪಕವೇ ಮನುಷ್ಯನಿಗೆ ಹೆಚ್ಚಿನ ಬೆಳಕನ್ನು ಕೊಡುತ್ತದೆ ಎಂದು ನನಗೆ ತೋರುತ್ತದೆ.

ಇದಕ್ಕೆ ಒಂದು ನಿದರ್ಶನವನ್ನು ನಾನು ಹತ್ತಿರದಿಂದ ನೋಡಿದ್ದೇನೆ. ನನಗೆ ಪರಿಚಿತರಾದ ನಿವೃತ್ತ ಉಪಾಧ್ಯಾಯರೊಬ್ಬರು ಪತ್ನಿ ತೀರಿಕೊಂಡ ಮೇಲೆ ಓದನ್ನು ಬಿಟ್ಟರು, ಜನರ ಬಳಕೆಯನ್ನೂ ಬಿಟ್ಟರು. ಯಾರು ಕರೆದರೂ, ‘ನಾನು ಬತ್ತಿದ ಬಾವಿ, ನನ್ನಲ್ಲಿ ಏನಿದೆ?’ ಎನ್ನುತ್ತಿದ್ದರು. ಅವರ ತೋಟವನ್ನು ನೋಡಿಕೊಳ್ಳುತ್ತಿದ್ದ ಮುದುಕ ಒಂದು ದಿನ ಇದನ್ನು ಕೇಳಿ, ‘ಬತ್ತಿದೆಯೋ, ಹೂಳು ತುಂಬಿದೆಯೋ, ಇಳಿದು ನೋಡಿದ್ದೀರಾ ಮೇಷ್ಟ್ರೇ?’ ಎಂದನಂತೆ. ಬಾವಿಯ ಕೆಲಸ ಬಲ್ಲವರಿಗೆ ಈ ಎರಡರ ಅಂತರ ದೊಡ್ಡದು. ಬತ್ತಿದ ಬಾವಿಯನ್ನು ಕೈಬಿಡುತ್ತಾರೆ. ಹೂಳು ತುಂಬಿದ ಬಾವಿಗೆ ಇಳಿದು ಹೂಳೆತ್ತಿ, ಒರತೆಯ ಬಾಯಿಯನ್ನು ಬಿಡಿಸುತ್ತಾರೆ. ಆ ಮಾತು ಮೇಷ್ಟರನ್ನು ಬಿಡಲಿಲ್ಲ. ಕೆಲವು ದಿನಗಳಲ್ಲಿ ನೆರೆಮನೆಯ ಹುಡುಗರಿಗೆ ಸಂಜೆ ಒಂದು ಗಂಟೆ ವ್ಯಾಕರಣ ಹೇಳಿಕೊಡತೊಡಗಿದರು. ಪುಸ್ತಕಗಳು ಮತ್ತೆ ಕೈಗೆ ಬಂದವು.

ಕಥೆಯನ್ನು ಇಲ್ಲಿಗೇ ನಿಲ್ಲಿಸಿದರೆ ಅದು ಪೂರ್ತಿ ನಿಜವಾಗದು. ಕೆಲವು ತಿಂಗಳ ಮೇಲೆ ಅವರೇ ನನಗೆ ಹೇಳಿದರು: ‘ಹೂಳನ್ನಾದರೆ ಎತ್ತಿ ದಡಕ್ಕೆ ಹಾಕಬಹುದು. ಅವಳ ನೆನಪನ್ನು ಎಲ್ಲಿ ಹಾಕಲಿ? ಅದು ಹೂಳಲ್ಲ.’ ಬಾವಿಯ ರೂಪಕ ಅವರನ್ನು ಜಗಲಿಯವರೆಗೆ ಕರೆತಂದಿತ್ತು. ಅಲ್ಲಿಂದ ಮುಂದೆ ಅದರ ಕೈಬಿಟ್ಟು ನಡೆಯಬೇಕೆಂಬುದನ್ನು ಅವರು ಕಂಡುಕೊಂಡರು.

ಹೀಗೆ ಕೈಬಿಡಲಾಗದೆ ಹೋದರೆ ರೂಪಕವೇ ಹೊರೆಯಾಗುತ್ತದೆ. ಅಮೆರಿಕದ ಲೇಖಕಿ ಸೂಸನ್ ಸೊಂಟ್ಯಾಗ್ ತಾವು ಕ್ಯಾನ್ಸರಿಗೆ ಚಿಕಿತ್ಸೆ ಪಡೆದ ಬಳಿಕ, 1978ರಲ್ಲಿ, ರೋಗದ ರೂಪಕಗಳನ್ನು ಕುರಿತು ಒಂದು ಪುಸ್ತಕ ಬರೆದರು. ಕ್ಯಾನ್ಸರಿನ ಸುತ್ತ ಬೆಳೆದ ಯುದ್ಧದ ಭಾಷೆಯನ್ನೂ, ಅದುಮಿಟ್ಟ ಭಾವಗಳೇ ಆ ರೋಗಕ್ಕೆ ಮೂಲವೆಂಬ ಕಲ್ಪನೆಯನ್ನೂ ಅವರು ಖಂಡಿಸಿದರು. ಇಂಥ ಮಾತುಗಳಿಂದ ರೋಗಿಗೆ ನೋವಿನ ಜೊತೆಗೆ ಅಪರಾಧದ ಭಾರವೂ ಸೇರುತ್ತದೆ. ರೋಗವನ್ನು ಯುದ್ಧವೆಂದ ಮೇಲೆ ಗುಣವಾಗದವನು ಸೋತವನೆನಿಸುತ್ತಾನೆ. ಕಾಯಿಲೆಯವರ ಮಂಚದ ಬಳಿ ಕುಳಿತು ಧೈರ್ಯ ಹೇಳುವ ನಾವೆಲ್ಲರೂ ಯೋಚಿಸಬೇಕಾದ ಸಂಗತಿಯಿದು.

ಹಾಗೆಂದು ರೂಪಕವಿಲ್ಲದೆ ಬಾಳುತ್ತೇನೆಂದರೆ ಆಗದು. ಭಾಷೆಯೇ ಅದಕ್ಕೆ ಎಡೆಗೊಡದು. ನಮ್ಮಿಂದ ಆಗುವುದು ಜಾರಿಹೋದ ‘ಅಂತೆ’ಯನ್ನು ತಂದು ಮತ್ತೆ ಅದರ ಜಾಗದಲ್ಲಿ ಇಡುವುದು. ಚಂಚಲವಾದ ಮನಸ್ಸನ್ನು ಬಸವಣ್ಣನವರು ಕೊಂಬೆಯ ಮೇಲಿನ ಕೋತಿಗೆ ಹೋಲಿಸಿದರು, ಹೋಲಿಸಿದರು, ಅಷ್ಟೆ. ಕನ್ನಡದ ‘ಅಂತೆ’ಗೆ ಇನ್ನೊಂದು ಅರ್ಥವೂ ಉಂಟು. ಯಾರೋ ಹೇಳಿದ್ದನ್ನು, ನಾವೇ ಕಣ್ಣಾರೆ ಕಾಣದ್ದನ್ನು ಹೇಳುವಾಗಲೂ ಅದೇ ಮಾತನ್ನು ಬಳಸುತ್ತೇವೆ. ನಮ್ಮ ವಿಷಯದಲ್ಲಿ ನಾವು ನಂಬಿಕೊಂಡಿರುವ ಎಷ್ಟೋ ರೂಪಕಗಳು ಈ ಬಗೆಯ ‘ಅಂತೆ’ಗಳೇ, ಬಾಲ್ಯದಲ್ಲಿ ಯಾರೋ ಅಂದದ್ದು, ಬೇಸರದಲ್ಲಿ ಯಾರೋ ಆಡಿದ್ದು.

‘ನಾನು ಮುರಿದ ಕೋಲು’ ಎಂಬ ಮಾತು ನಾಲಗೆಗೆ ಬಂದಾಗ, ‘ಮುರಿದ ಕೋಲಿನಂತೆ’ ಎಂದು ಅದನ್ನು ತಿದ್ದಿ ಹೇಳಿಕೊಳ್ಳಬಹುದು. ಯಾವುದರಲ್ಲಿ ನಾನು ಕೋಲಿನಂತೆ, ಯಾವುದರಲ್ಲಿ ಅಲ್ಲ ಎಂಬ ವಿಚಾರಣೆಗೆ ಆಗ ಬಾಗಿಲು ತೆರೆಯುತ್ತದೆ.